ಯಾರೂ ಕಾಯದ ಕೆಲಸ

ಶೇರ್ ಮಾರ್ಕೆಟ್ಟಿನ ಟ್ರೇಡಿಂಗ್ ಬಿಟ್ಟೆ ಅಂತ ಹೇಳಿದ ಕೂಡಲೇ ಜನ ದನಿ ತಗ್ಗಿಸುತ್ತಾರೆ. ಅಕ್ಕಪಕ್ಕ ಒಮ್ಮೆ ನೋಡಿ, ಸಾವಿನ ಮನೆಗೆ ಬಂದವರು "ವಯಸ್ಸೆಷ್ಟಾಗಿತ್ತು?" ಅಂತ ವಿಚಾರಿಸುವ ಹಾಗೆ, "ಎಷ್ಟು ಹೋಯ್ತು?" ಅಂತ ಕೇಳುತ್ತಾರೆ. ಏನೂ ಹೋಗಿಲ್ಲ ಅಂದರೆ ನಂಬುವುದಿಲ್ಲ. ಹೇಳಿಕೊಳ್ಳೋಕೆ ನಾಚಿಕೆ ಇರಬೇಕು ಪಾಪ, ಅಂದುಕೊಂಡು ಅವರೇ ಮಾತು ಬದಲಿಸುತ್ತಾರೆ. ಈಚೆಗೆ ಒಂದು ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ ನನ್ನ ಷಡ್ಡಕ ಬೆನ್ನು ಸವರಿ, "ದುಡ್ಡು ಇವತ್ತು ಹೋಗುತ್ತೆ ನಾಳೆ ಬರುತ್ತೆ, ಆರೋಗ್ಯ ನೋಡ್ಕೊ" ಅಂದ. ಹೋಳಿಗೆ ಬಡಿಸುವವನ ಕಿವಿಗೂ ಅದು ಬಿತ್ತು ಅಂತ ಕಾಣುತ್ತದೆ. ನನಗೆ ಒಂದು ಜಾಸ್ತಿಯೇ ಹಾಕಿದ.

ಅವರ ಲೆಕ್ಕ ತಪ್ಪೇನಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಮಾರ್ಕೆಟ್ಟನ್ನು ನಿಯಂತ್ರಿಸುವ ಸೆಬಿ ಹೊರಡಿಸಿದ ವರದಿ ಪ್ರಕಾರ, ಅದರ ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್, ಆಪ್ಷನ್ಸ್ (ಬೆಲೆ ಮುಂದೆ ಏರುತ್ತೋ ಇಳಿಯುತ್ತೋ ಅನ್ನುವುದರ ಮೇಲಿನ ಕರಾರುಗಳು, ಚಿಕ್ಕದಾಗಿ ಎಫ್ ಅಂಡ್ ಒ) ಮಾಡಿದ ನಮ್ಮಂಥ ಬಿಡಿ ಜನರಲ್ಲಿ ನೂರಕ್ಕೆ 93 ಮಂದಿ ದುಡ್ಡು ಕಳೆದುಕೊಂಡಿದ್ದಾರೆ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಜಾಸ್ತಿ. ಹಾಗಾಗಿ ಟ್ರೇಡಿಂಗ್ ಬಿಟ್ಟವನನ್ನು ಕಂಡರೆ ಮುಳುಗಿದವನು ಅಂತ ಲೆಕ್ಕ ಹಾಕುವುದು ಜಾಣತನವೇ. ನಾನು ಮಿಕ್ಕ ಏಳು ಮಂದಿಯಲ್ಲಿ ಒಬ್ಬ. ಅದರಲ್ಲಿ ಬೀಗುವಂಥದ್ದೂ ಏನಿಲ್ಲ. ಹತ್ತು ವರ್ಷಕ್ಕೂ ಮೇಲ್ಪಟ್ಟು ಮಾಡಿದ್ದರಲ್ಲಿ ಒಳ್ಳೆಯ ವರ್ಷಗಳೂ ಇದ್ದವು, ಹೆಂಡತಿಯ ಸ್ಕೂಲ್ ಸಂಬಳಕ್ಕಿಂತ ಕಮ್ಮಿ ಬಂದ ವರ್ಷಗಳೂ ಇದ್ದವು. ಎಲ್ಲ ಕೂಡಿ ಭಾಗಿಸಿದರೆ ಒಬ್ಬ ಬ್ಯಾಂಕ್ ಆಫೀಸರ್ ಸಂಬಳ. ಕಾರು, ವಿಲ್ಲಾ, ಗೋವಾ ಬೀಚಿನಲ್ಲಿ ಲ್ಯಾಪ್‌ಟಾಪ್, ಅದೆಲ್ಲ ಯೂಟ್ಯೂಬ್‌ನವರಿಗೆ.

ಹಾಗಾದರೆ ಯಾಕೆ ಬಿಟ್ಟೆ? ಈ ವರ್ಷವಿಡೀ ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಟ್ಟುಕೊಂಡು ಬಂದಿದ್ದೇನೆ.

ಮದುವೆ ಮನೆಯಲ್ಲಿ ಕೊಡುವ ಉತ್ತರ

ನಾನು ಮಾಡುತ್ತಿದ್ದದ್ದು ಬ್ಯಾಂಕ್ ನಿಫ್ಟಿಯ, ಅಂದರೆ ಬ್ಯಾಂಕ್ ಶೇರುಗಳ ಇಂಡೆಕ್ಸ್‌ನ, ವೀಕ್ಲಿ ಆಪ್ಷನ್ (ವಾರಕ್ಕೊಮ್ಮೆ ಮುಗಿಯುವ ಕರಾರು) ಮಾರುವ ಕೆಲಸ. ಬೆಳಿಗ್ಗೆ 9:15ಕ್ಕೆ ಮಾರ್ಕೆಟ್ ತೆರೆದು, ಮೊದಲ ಗದ್ದಲ ತಗ್ಗಿದ ಮೇಲೆ ಏರುತ್ತೆ ಅನ್ನುವವರು ಕೊಳ್ಳುವ ಕಾಲ್, ಇಳಿಯುತ್ತೆ ಅನ್ನುವವರು ಕೊಳ್ಳುವ ಪುಟ್, ಎರಡನ್ನೂ ಮಾರುವುದು. ನಷ್ಟ ಒಂದು ಮಿತಿ ಮೀರದಿರಲಿ ಅಂತ ಸ್ಟಾಪ್ ಲಾಸ್ ಹಾಕುವುದು. ಪ್ರೀಮಿಯಂ, ಅಂದರೆ ಮಾರಿದ ಆಪ್ಷನ್ನಿನ ಬೆಲೆ, ಕರಗಲಿ ಅಂತ ಕಾಯುತ್ತಾ ಕೂರುವುದು. 3:30ರೊಳಗೆ ಎಲ್ಲ ಮುಗಿಸಿ ಏಳುವುದು. ಹೇಳೋಕೆ ನಾಲ್ಕು ಮಾತು, ಕಲಿಯೋಕೆ ವರ್ಷಗಳು. (ಅಂದ ಹಾಗೆ, ಇಷ್ಟು ವರ್ಷವೂ ನೆಂಟರೆಲ್ಲ ನನ್ನನ್ನು ಕೇಳಿದ್ದು "ಯಾವ ಶೇರ್ ತಗೊಳ್ಳಲಿ?" ಅಂತ. ಇಂಡೆಕ್ಸ್ ಆಪ್ಷನ್ ಮಾರುವವನಿಗೆ ಶೇರಿನ ಬಗ್ಗೆ ಅವರಷ್ಟೇ ಗೊತ್ತು. ಹೇಳಿದರೆ, ಗುಟ್ಟು ಬಿಟ್ಟುಕೊಡ್ತಿಲ್ಲ ಅಂತ ಮುನಿಸು.)

ಈ ವೀಕ್ಲಿ ಶುರುವಾದದ್ದು 2016ರಲ್ಲಿ. 2024ರ ನವೆಂಬರ್‌ನಲ್ಲಿ ನಿಂತುಹೋಯಿತು. ಒಂದು ಎಕ್ಸ್‌ಚೇಂಜ್‌ಗೆ ಒಂದೇ ಇಂಡೆಕ್ಸ್‌ನ ವೀಕ್ಲಿ ಸಾಕು ಅಂತ ಸೆಬಿ ಹೇಳಿತು, ಎನ್‌ಎಸ್‌ಇ (ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜ್) ನಿಫ್ಟಿಯನ್ನು ಉಳಿಸಿಕೊಂಡಿತು. ಅದೇ ಸಮಯಕ್ಕೆ ನಿಫ್ಟಿಯ ಲಾಟ್ (ಒಂದು ಸಲಕ್ಕೆ ಮಾಡಬೇಕಾದ ಕನಿಷ್ಠ ಪ್ರಮಾಣ) 25ರಿಂದ 75ಕ್ಕೆ ಏರಿತು. ಅದಕ್ಕೂ ಮುಂಚೆ, ಅಕ್ಟೋಬರ್ 1ರಿಂದ, ಆಪ್ಷನ್ ಮಾರಿದರೆ ಕಟ್ಟುವ ವಹಿವಾಟು ತೆರಿಗೆ, ಎಸ್‌ಟಿಟಿ, 0.0625%ರಿಂದ 0.1% ಆಗಿತ್ತು. ಓದುವಾಗ ಚಿಲ್ಲರೆ ಅನ್ನಿಸುತ್ತದೆ. ದಿನಾ ಮಾರುವವನಿಗೆ ಅದು ಚಿಲ್ಲರೆ ಅಲ್ಲ.

ನಮ್ಮ ಟೆಲಿಗ್ರಾಂ ಗುಂಪಿನಲ್ಲಿ ವಾರಗಟ್ಟಲೆ ಗೋಳು. ಹೊಟ್ಟೆ ಮೇಲೆ ಹೊಡೆದರು ಅಂತ. ನನಗೆ ಸೆಬಿ ಮಾಡಿದ್ದು ತಪ್ಪು ಅನ್ನಿಸಿಲ್ಲ. ಎಕ್ಸ್‌ಪೈರಿ ದಿನ, ಅಂದರೆ ಕರಾರು ಮುಗಿಯುವ ದಿನ, ಮಧ್ಯಾಹ್ನ ಮೂರಕ್ಕೆ ಐದು ರೂಪಾಯಿಯ ಆಪ್ಷನ್ ಕೊಂಡು ಐವತ್ತಾಗಲಿ ಅಂತ ದೇವರಿಗೆ ಕೈ ಮುಗಿಯುವ ಆಟಕ್ಕೆ ಕಡಿವಾಣ ಬೇಕೇ ಇತ್ತು. ಮತ್ತೆ, ಹೊಂದಿಕೊಳ್ಳೋಕೆ ಆಗುತ್ತಿರಲಿಲ್ಲ ಅಂತೇನಿಲ್ಲ. ನನ್ನ ಜೊತೆಯವರು ಕೆಲವರು ನಿಫ್ಟಿಗೆ ಹೋದರು, ಕೆಲವರು ಸೆನ್ಸೆಕ್ಸ್‌ಗೆ. ಈಗಲೂ ಮಾಡುತ್ತಿದ್ದಾರೆ. ನಾನು ಹೋಗಲಿಲ್ಲ. ರೂಲ್ಸ್ ಬದಲಾಯಿತು, ಬಿಟ್ಟೆ ಅಂದರೆ ಕೇಳಿದವರು ತಲೆಯಾಡಿಸಿ ಸುಮ್ಮನಾಗುತ್ತಾರೆ. ಅದಕ್ಕೇ ಹಾಗೆ ಹೇಳುತ್ತೇನೆ.

ಎಕ್ಸ್‌ಚೇಂಜ್ ನಿಂತ ದಿನ

ಇನ್ನೊಂದು ಉತ್ತರಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 2021ರ ಫೆಬ್ರುವರಿ 24, ಬುಧವಾರ. ಬೆಳಿಗ್ಗೆ 11:40ಕ್ಕೆ ದೇಶದ ದೊಡ್ಡ ಎಕ್ಸ್‌ಚೇಂಜ್ ಎನ್‌ಎಸ್‌ಇಯಲ್ಲಿ ವಹಿವಾಟು ನಿಂತುಹೋಯಿತು. ಸ್ಕ್ರೀನ್ ಮೇಲಿನ ಅಂಕಿಗಳು ಇದ್ದಲ್ಲೇ ಇದ್ದವು. ಮೊದಲು ನನ್ನ ಇಂಟರ್‌ನೆಟ್ ಹೋಗಿದೆ ಅಂದುಕೊಂಡೆ. ಎರಡು ಕಂಪನಿಯ ಕನೆಕ್ಷನ್ ಇಟ್ಟುಕೊಂಡಿದ್ದೆ, ಒಂದರಿಂದ ಇನ್ನೊಂದಕ್ಕೆ ಬದಲಿಸಿದೆ. ಯುಪಿಎಸ್ ನೋಡಿದೆ. ರೌಟರ್ ಆಫ್ ಮಾಡಿ ಆನ್ ಮಾಡಿದೆ. ಆಮೇಲೆ ಗುಂಪಿನಲ್ಲಿ ಮೆಸೇಜುಗಳು ಬರತೊಡಗಿದವು. ಎಲ್ಲರಿಗೂ ಇದೇ ಕಥೆ. ನಾನು ಮಾರಿಟ್ಟಿದ್ದ ಲಾಟುಗಳು ಹಾಗೇ ನಿಂತಿದ್ದವು, ಮಾಡುವಂಥದ್ದು ಏನೂ ಇರಲಿಲ್ಲ. ಹನುಮಂತನಗರದ ಬಾಡಿಗೆ ಮನೆಯ ಮೇಲಿನ ರೂಮಿನಿಂದ ಇಳಿದು ಬೀದಿಗೆ ಬಂದೆ.

ವಾರದ ದಿನ ಆ ಹೊತ್ತಿನಲ್ಲಿ ಬೀದಿ ನೋಡಿ ಎಷ್ಟೋ ಕಾಲವಾಗಿತ್ತು. ಗಾಂಧಿ ಬಜಾರ್ ಕಡೆ ನಡೆದೆ. ಕೊರೊನಾ ಸ್ವಲ್ಪ ತಗ್ಗಿದ್ದ ದಿನಗಳು ಅವು, ಎಲ್ಲರ ಮಾಸ್ಕೂ ಗಲ್ಲಕ್ಕೆ ಇಳಿದಿತ್ತು. ಹೂವಿನವಳು ಕನಕಾಂಬರದ ಮೇಲೆ ನೀರು ಚಿಮುಕಿಸುತ್ತಿದ್ದಳು. ಸ್ಟೂಲ್ ಹಾಕಿಕೊಂಡು ಇಬ್ಬರು ಒಂದು ಅಂಗಡಿಯ ಬೋರ್ಡ್ ಬಿಚ್ಚುತ್ತಿದ್ದರು, ಕೆಳಗೆ ನಿಂತ ನಾಲ್ಕು ಜನ ಹೇಗೆ ಬಿಚ್ಚಬೇಕು ಅಂತ ಹೇಳಿಕೊಡುತ್ತಿದ್ದರು. ದರ್ಶಿನಿಯೊಂದರಲ್ಲಿ ಕಾಫಿಗೆ ನಿಂತೆ. ದೇಶದ ಅಷ್ಟು ಜನರ ದುಡ್ಡು ಅಲ್ಲಲ್ಲೇ ಸಿಕ್ಕಿಹಾಕಿಕೊಂಡಿದೆ, ಇಲ್ಲಿ ಯಾರಿಗೂ ಗೊತ್ತಿಲ್ಲ. ಯಾರಿಗಾದರೂ ಹೇಳಲೇಬೇಕು ಅನ್ನಿಸಿ ಕ್ಯಾಷಿಯರ್‌ಗೆ, "ಶೇರ್ ಮಾರ್ಕೆಟ್ಟೇ ನಿಂತುಹೋಗಿದೆ ಕಣ್ರೀ" ಅಂದೆ. "ಹೌದಾ ಸಾರ್? ಐದು ರೂಪಾಯಿ ಚಿಲ್ಲರೆ ಇದೆಯಾ ನೋಡಿ" ಅಂದ.

ಮಧ್ಯಾಹ್ನ 3:45ಕ್ಕೆ ಮತ್ತೆ ಶುರು ಮಾಡಿ ಐದರವರೆಗೆ ನಡೆಸಿದರು. ಹೋಗಿ ಎಲ್ಲ ಮುಗಿಸಿದೆ. ಹೇಳಿಕೊಳ್ಳುವಂಥ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆದರೆ ತಲೆಯೊಳಗೆ ಒಂದು ಹುಳ ಹೊಕ್ಕಿತು. ಅಷ್ಟು ದೊಡ್ಡ ಎಕ್ಸ್‌ಚೇಂಜ್ ನಾಲ್ಕು ಗಂಟೆ ನಿಂತರೂ ಗಾಂಧಿ ಬಜಾರಿಗೆ ಏನೂ ಆಗಲಿಲ್ಲ, ಸರಿ. ನಾನು ನಾಲ್ಕು ತಿಂಗಳು ನಿಂತರೆ ಯಾರಿಗೆ ಏನಾಗುತ್ತದೆ? ಬ್ರೋಕರ್ ಫೋನ್ ಮಾಡುವುದಿಲ್ಲ. ನಾನು ಮಾರಿದ್ದನ್ನು ಕೊಳ್ಳುವವನು ನನ್ನ ಹೆಸರು ಕೇಳಿದವನಲ್ಲ, ಅವನಿಗೆ ಮಾರೋಕೆ ಇನ್ನೂ ಸಾವಿರ ಜನ ಇದ್ದಾರೆ. ಬಾಸ್ ಇಲ್ಲ, ರಜಾ ಚೀಟಿ ಇಲ್ಲ, ಯಾರಿಗೂ ಜವಾಬು ಕೊಡಬೇಕಿಲ್ಲ. ಈ ಕೆಲಸಕ್ಕೆ ಬರುವವರೆಲ್ಲ ಬರುವುದೇ ಇದಕ್ಕೆ. ನಾನೂ ಔಟರ್ ರಿಂಗ್ ರೋಡಿನ ಬಿಪಿಒ ಅಕೌಂಟ್ಸ್ ಕೆಲಸ ಬಿಟ್ಟು ಬಂದದ್ದು ಇದಕ್ಕೇ. ರೇಡಿಯೊದಲ್ಲಿ ಸಿಲ್ಕ್ ಬೋರ್ಡ್ ಟ್ರಾಫಿಕ್ ಸುದ್ದಿ ಕೇಳುತ್ತಾ ಮನೆಯಲ್ಲೇ ಕಾಫಿ ಕುಡಿಯುವ ಸುಖ ಸಣ್ಣದಲ್ಲ. ಮೊದಲ ಕೆಲವು ವರ್ಷ ಅದೇ ಸಾಕಾಗಿತ್ತು. ಆಮೇಲಾಮೇಲೆ, ಚೆನ್ನಾಗಿ ಮಾಡಿದ ದಿನವೂ ಕೆಟ್ಟದಾಗಿ ಮಾಡಿದ ದಿನವೂ ಮನೆಯಲ್ಲಿ ಒಂದೇ ಥರ ಇರತೊಡಗಿದವು. ಹೆಂಡತಿ ಸ್ಕೂಲಿನಿಂದ ಬಂದು, ಯಾವ ಮಗು ಏನಂತು, ಯಾರ ಅಮ್ಮ ಜಗಳಕ್ಕೆ ಬಂದರು ಅಂತ ಒಂದು ಗಂಟೆ ಹೇಳುತ್ತಾಳೆ. ನನ್ನ ಹತ್ತಿರ ಹೇಳೋಕೆ ಒಂದು ಅಂಕಿ ಇರುತ್ತಿತ್ತು. ಪ್ಲಸ್ಸೋ ಮೈನಸ್ಸೋ.

ಸುಳ್ಳು ಯಾಕೆ, ನನಗಾಗಿ ಕಾಯುವವರು ಇದ್ದರು. ಕೊರಿಯರ್ ಹುಡುಗರು. "ಮೇಲ್ಗಡೆ ಮನೆಯವರು ಯಾವಾಗ್ಲೂ ಇರ್ತಾರೆ" ಅಂತ ಬಿಲ್ಡಿಂಗ್‌ನವರೆಲ್ಲ ನನ್ನ ನಂಬರ್ ಕೊಟ್ಟಿದ್ದರು. ನನ್ನ ಟ್ರೇಡಿಂಗ್ ಟೇಬಲ್ ಕೆಳಗೆ ಸದಾ ನಾಲ್ಕೈದು ಮನೆಯ ಡಬ್ಬಗಳು. ಒಂದು ಸಲ ಮಾರ್ಕೆಟ್ ಬಿದ್ದು ಒದ್ದಾಡುತ್ತಿರುವಾಗ ಯಾರದೋ ಇಡ್ಲಿ ಸ್ಟ್ಯಾಂಡಿಗೆ ಓಟಿಪಿ ಕೊಡುತ್ತಾ ನಿಂತಿದ್ದೆ.

ಇಬ್ಬರ ಹೆಸರು ಕೊಡಿ

ಬಿಡಬೇಕು ಅಂತ ತೀರ್ಮಾನಿಸಿದ ಮೇಲೆ ಮೊದಲು ಹೋದದ್ದು ಎಚ್‌ಎಸ್‌ಆರ್ ಲೇಔಟಿನ ಒಂದು ಹೊಸ ಕಂಪನಿಗೆ. ದುಡ್ಡಿನ ಆ್ಯಪ್ ಮಾಡುವವರು. ರಿಸ್ಕ್ ವಿಭಾಗದಲ್ಲಿ ಕೆಲಸ. ಸೆಬಿಯ ಸಂಸ್ಥೆ ಎನ್‌ಐಎಸ್‌ಎಂನ ಡೆರಿವೇಟಿವ್ಸ್ (ಅದೇ ಎಫ್ ಅಂಡ್ ಒ) ಸರ್ಟಿಫಿಕೇಟ್ ಇತ್ತು, ಅದು ಮೂರೇ ವರ್ಷ ಚಾಲ್ತಿಯಲ್ಲಿರುವುದು ಅಂತ ಮತ್ತೆ ಪರೀಕ್ಷೆ ಬರೆದು ಹೊಸದು ಮಾಡಿಸಿಕೊಂಡಿದ್ದೆ. ಮೊದಲ ರೌಂಡ್ ಸಲೀಸಾಗಿ ಹೋಯಿತು. ಕೇಳಿದವನು ನನಗಿಂತ ಹತ್ತು ವರ್ಷ ಚಿಕ್ಕವನು, ಆದರೆ ವಿಷಯ ಗೊತ್ತಿತ್ತು. ಮಾರ್ಜಿನ್ ಬಗ್ಗೆ ಮಾತಾಡುತ್ತಾ ಹೊತ್ತು ಹೋದದ್ದೇ ತಿಳಿಯಲಿಲ್ಲ.

ಎಚ್‌ಆರ್ ರೂಮಿನಲ್ಲಿ ಕೂತಿದ್ದ ಹುಡುಗಿ ಒಳ್ಳೆಯವಳೇ. ರೆಸ್ಯೂಮೆಯ ಆ ಹತ್ತು ವರ್ಷದ ಮೇಲೆ ಪೆನ್ನಿನ ತುದಿ ಇಟ್ಟುಕೊಂಡು, "ಇಲ್ಲಿ ನಿಮ್ಮ ರಿಪೋರ್ಟಿಂಗ್ ಮ್ಯಾನೇಜರ್ ಯಾರು ಸಾರ್?" ಅಂದಳು. ಯಾರೂ ಇಲ್ಲ ಅಂದೆ. "ಕ್ಲೈಂಟ್ಸ್?" ಇಲ್ಲ. "ಟೀಮ್?" ಇಲ್ಲ. "ಓಕೆ ಸಾರ್, ಆ ಪೀರಿಯಡ್‌ದು ರೆಫರೆನ್ಸ್‌ಗೆ ಇಬ್ಬರ ಹೆಸರು, ನಂಬರ್ ಕೊಟ್ಟುಬಿಡಿ. ಫಾರ್ಮಾಲಿಟಿ ಅಷ್ಟೇ." ಫಾರ್ಮ್ ನನ್ನ ಕಡೆ ತಿರುಗಿಸಿದಳು. ಎರಡು ಖಾಲಿ ಗೆರೆ. ನಾನು ಅಷ್ಟು ವರ್ಷ ಏನು ಮಾಡಿದೆ, ಹೇಗೆ ಮಾಡಿದೆ ಅಂತ ಕಣ್ಣಾರೆ ನೋಡಿದವರು ಭೂಮಿ ಮೇಲೆ ಒಬ್ಬರೂ ಇಲ್ಲ. ಹೆಂಡತಿಯ ಹೆಸರು ಬರೆಯೋಕಾಗಲ್ಲ. ಬ್ರೋಕರ್ ಕಸ್ಟಮರ್ ಕೇರ್ ಹೆಸರು ಬರೆಯೋಕಾಗಲ್ಲ. ಕೊರಿಯರ್ ಹುಡುಗನ ಹೆಸರು ಬರೆದರೆ ಹೇಗೆ ಅಂತ ನಿಜಕ್ಕೂ ಒಂದು ಕ್ಷಣ ಯೋಚಿಸಿದೆ. ಅವನಾದರೂ ಹೇಳಿಯಾನು, ಸಾರ್ ಯಾವಾಗಲೂ ಇದ್ದರು ಅಂತ.

ಮನೆಗೆ ಬರುವಾಗ ಜೆ.ಸಿ. ರೋಡಿನ ಸಿಗ್ನಲ್‌ನಲ್ಲಿ ಬಸ್ಸು ನಿಂತಿತ್ತು. ಹಳಬರಿಗೆ ನೆನಪಿರಬಹುದು, ಆ ರೋಡಿನ ಬದಿಯಲ್ಲೇ ನಮ್ಮೂರಿನದೇ ಒಂದು ಎಕ್ಸ್‌ಚೇಂಜ್ ಇತ್ತು. ಬೆಂಗಳೂರು ಸ್ಟಾಕ್ ಎಕ್ಸ್‌ಚೇಂಜ್, 1963ರದ್ದು. 1994ರಲ್ಲಿ ಎನ್‌ಎಸ್‌ಇ ಶುರುವಾಗಿ ಅದರ ಸ್ಕ್ರೀನುಗಳು ಊರೂರಿಗೆ ಬಂದ ಮೇಲೆ ಇಂಥ ಪ್ರಾದೇಶಿಕ ಎಕ್ಸ್‌ಚೇಂಜುಗಳಲ್ಲಿ ವ್ಯವಹಾರ ಬತ್ತಿಹೋಯಿತು. ಕೊನೆಗೆ 2014ರ ಡಿಸೆಂಬರ್‌ನಲ್ಲಿ ಇದಕ್ಕೂ ಸೆಬಿ ಬಾಗಿಲು ಮುಚ್ಚೋಕೆ ಅನುಮತಿ ಕೊಟ್ಟಿತು. ಅಲ್ಲಿ ಸಬ್ ಬ್ರೋಕರ್ ಆಗಿದ್ದ ಹಿರಿಯರೊಬ್ಬರು ನಮ್ಮ ಬೀದಿಯಲ್ಲೇ ಇದ್ದರು. ಕೆಲಸ ಹೋದ ಮೇಲೆ ಅವರು ಎಲ್‌ಐಸಿ ಏಜೆಂಟ್ ಆದರು, ಮ್ಯೂಚುವಲ್ ಫಂಡ್ ಮಾರಿದರು, ಚೆನ್ನಾಗೇ ಬದುಕಿದರು. ಅದು ಹೇಗಾಯಿತು ಅಂತ ನನಗೆ ಆ ಸಿಗ್ನಲ್‌ನಲ್ಲಿ ಹೊಳೆಯಿತು. ಅವರ ಹತ್ತಿರ ಮುನ್ನೂರು ಮನೆಯ ನಂಬರ್ ಬರೆದ ಒಂದು ಡೈರಿ ಇತ್ತು. ಶೇರ್ ಹೋದರೆ ಪಾಲಿಸಿ, ಪಾಲಿಸಿ ಹೋದರೆ ಫಂಡು, ಮನೆಗಳು ಮಾತ್ರ ಅವೇ. 2010ರಲ್ಲಿ ಇದೇ ಊರಿನಲ್ಲಿ ಜೆರೋಧಾ ಅನ್ನುವ ಆನ್‌ಲೈನ್ ಬ್ರೋಕರ್ ಕಂಪನಿ ಶುರುವಾದ ಮೇಲೆ ಬಂದ ನಮ್ಮಂಥವರಿಗೆ ಆರ್ಡರಿಗೆ 20 ರೂಪಾಯಿ ಕೊಟ್ಟರೆ ಸಾಕಿತ್ತು, ಮನುಷ್ಯರ ಅಗತ್ಯವೇ ಇರಲಿಲ್ಲ. ಅಗ್ಗ, ನಿಜ. ಆದರೆ ಡೈರಿ ಇಲ್ಲ.

ರೆಫರೆನ್ಸ್‌ಗೆ ಕೊನೆಗೆ ಹೊಳೆದ ಹೆಸರು ಒಂದೇ. ಪ್ರತಿ ವರ್ಷ ನನ್ನ ರಿಟರ್ನ್ ಫೈಲ್ ಮಾಡುತ್ತಿದ್ದ ಸಿಎ ಮೇಡಂ. ನನ್ನ ಅಂಕಿಗಳನ್ನು ನನ್ನ ಬಿಟ್ಟು ಪೂರ್ತಿ ನೋಡಿದವರು ಅವರೊಬ್ಬರೇ. ಫೋನ್ ಮಾಡಿ ವಿಷಯ ಹೇಳಿದೆ. ಅವರು ಎರಡು ನಿಮಿಷ ಕೇಳಿ, "ಅಲ್ಲಿಗೆ ಯಾಕೆ ಹೋಗ್ತೀರಿ? ಟ್ರೇಡಿಂಗ್ ಫೈಲುಗಳು ಜಾಸ್ತಿ ಆಗಿಬಿಟ್ಟಿವೆ, ನನ್ನ ಹುಡುಗರಿಗೆ ಆ ಸ್ಟೇಟ್‌ಮೆಂಟ್ ಓದೋಕೆ ಬರಲ್ಲ. ಇಲ್ಲಿಗೇ ಬನ್ನಿ" ಅಂದರು. ಸಂಬಳ ಹೇಳುವಾಗ ಅವರೇ ಸ್ವಲ್ಪ ಮುಜುಗರಪಟ್ಟರು.

ಜಯನಗರದ ಆಫೀಸು

ಈಗ ಜಯನಗರದ ಮೂರನೇ ಮಹಡಿಯ ಆಫೀಸಿನಲ್ಲಿ ಕೂರುತ್ತೇನೆ. ನನ್ನ ಅರ್ಧ ವಯಸ್ಸಿನ, ಸಿಎ ಕಲಿಯುತ್ತಿರುವ ಆರ್ಟಿಕಲ್ ಹುಡುಗರು ನನಗೆ ಟ್ಯಾಕ್ಸ್ ಪೋರ್ಟಲ್ ಹೇಳಿಕೊಡುತ್ತಾರೆ, ನಾನು ಅವರಿಗೆ ಬ್ರೋಕರ್ ಕಳಿಸುವ ಕಾಂಟ್ರ್ಯಾಕ್ಟ್ ನೋಟ್ ಓದೋದು ಹೇಳಿಕೊಡುತ್ತೇನೆ. ಎಫ್ ಅಂಡ್ ಒ ಟರ್ನೋವರ್ ಲೆಕ್ಕ ಹಾಕುವಾಗ ಲಾಭ, ನಷ್ಟ ಎರಡನ್ನೂ ಮೈನಸ್ ಗುರುತು ತೆಗೆದು ಕೂಡಬೇಕು. ಹತ್ತು ಸಾವಿರ ಬಂದು ಹತ್ತು ಸಾವಿರ ಹೋದರೆ ಕೈಯಲ್ಲಿ ಸೊನ್ನೆ, ಟರ್ನೋವರ್ ಇಪ್ಪತ್ತು ಸಾವಿರ. ಇದನ್ನು ಒಪ್ಪಿಸೋಕೆ ಆ ಹುಡುಗರ ಜೊತೆ ಅರ್ಧ ದಿನ ಹಿಡಿಯಿತು.

ಎರಡನೇ ವಾರದಲ್ಲೇ ಬಿಟ್ಟುಬಿಡೋಣ ಅನ್ನಿಸಿತ್ತು. ಟ್ರೇಡರ್ ಮೊದಲು ಕಲಿಯುವುದು ಅದೇ ಅಲ್ವಾ, ಸರಿಹೋಗ್ತಿಲ್ಲ ಅಂದರೆ ಬೇಗ ಹೊರಗೆ ಬಾ ಅಂತ. ಸ್ಕ್ರೀನಿನ ಮುಂದೆ ಅದು ಕಾಪಾಡುತ್ತದೆ, ಆಫೀಸಿನಲ್ಲಿ ಕೆಲಸಕ್ಕೆ ಬರುವುದಿಲ್ಲ. ಇಲ್ಲಿ ಮೊದಲ ತಿಂಗಳು ಎಲ್ಲರೂ ದಡ್ಡರೇ. ಇನ್ನೊಂದು ಕಷ್ಟ ಅಂದರೆ ವಿವರಿಸುವುದು. ಹತ್ತು ವರ್ಷ ನನ್ನಷ್ಟಕ್ಕೆ ನಾನೇ ತೀರ್ಮಾನಿಸಿ ಕ್ಲಿಕ್ ಮಾಡಿದವನು. ಈಗ ಯಾಕೆ ಹೀಗೆ ಮಾಡಿದೆ ಅಂತ ಇನ್ನೊಬ್ಬರಿಗೆ ಮೇಲ್ ಬರೆಯಬೇಕು. "ನಂದು ಆಯ್ತಾ ಸಾರ್?" ಅಂತ ದಿನಕ್ಕೆ ಎಷ್ಟೋ ಫೋನು. ಮೊದಮೊದಲು ಮೈ ಉರಿಯುತ್ತಿತ್ತು. ಒಂದು ದಿನ ಜ್ವರ ಅಂತ ರಜಾ ಹಾಕಿದೆ. ಮಾರನೆಯ ದಿನ ಬಂದರೆ ಮೂರು ಜನ, "ನಿನ್ನೆ ಇರ್ಲಿಲ್ಲವಂತೆ, ಹುಷಾರಾಯ್ತಾ? ನಂದೇನಾಯ್ತು?" ಅಂತ ಒಂದೇ ಉಸಿರಲ್ಲಿ ಕೇಳಿದರು. ಅವರಿಗೆ ಬೇಕಾಗಿದ್ದದ್ದು ರಿಫಂಡು, ನನಗೆ ಗೊತ್ತು. ಆದರೂ ಅವತ್ತು ಮನೆಗೆ ಹೋಗಿ ಹೆಂಡತಿಗೆ ಹೇಳೋಕೆ ನನ್ನ ಹತ್ತಿರವೂ ಒಂದು ಗಂಟೆಯ ಮಾತಿತ್ತು.

ಎದುರುಗಡೆ ಯಾರಿದ್ರು?

2025ರ ರಿಟರ್ನ್ ಸೀಸನ್‌ನಲ್ಲಿ, ಕೊನೆಯ ದಿನವನ್ನು ಸೆಪ್ಟೆಂಬರ್ 15ಕ್ಕೆ ಮುಂದಕ್ಕೆ ಹಾಕಿದ್ದರಲ್ಲ, ಆಗ ಒಬ್ಬ ಹುಡುಗ ಬಂದ. ಇಪ್ಪತ್ತೈದರ ಒಳಗಿನವನು. ಜೊತೆಗೆ ಅವನ ಅಪ್ಪ, ರಿಟೈರಾದ ಬಸ್ ಡ್ರೈವರ್. ಆ ಸೆಬಿ ವರದಿಯಲ್ಲೇ ಇನ್ನೊಂದು ಸಂಗತಿ ಇದೆ: 2023-24ರಲ್ಲಿ ಎಫ್ ಅಂಡ್ ಒ ಮಾಡಿದ ಬಿಡಿ ಜನರಲ್ಲಿ 43% ಮಂದಿ ಮೂವತ್ತರೊಳಗಿನವರು. ಆ ಅಂಕಿ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು ಕೂತಿತ್ತು.

ಹುಡುಗನ ಕೈಯಲ್ಲಿ ಫಾರ್ಮ್ 16 ಇತ್ತು, ಜೊತೆಗೆ ಬ್ರೋಕರ್ ಕೊಟ್ಟ ಲಾಭ ನಷ್ಟದ ಹಾಳೆ. ಮೂರು ಲಕ್ಷ ಚಿಲ್ಲರೆ ಹೋಗಿತ್ತು. ಅಪ್ಪನಿಗೆ ಮೊತ್ತ ಅವತ್ತೇ ಗೊತ್ತಾದದ್ದು ಅಂತ ಮುಖ ನೋಡಿದರೆ ತಿಳಿಯುತ್ತಿತ್ತು. ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡು, ಕನ್ನಡಕ ತೆಗೆದು, ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಓದಿದರು. ಬಿಸಿನೆಸ್ ಇರುವವರ ರಿಟರ್ನ್ ಫಾರ್ಮ್, ಐಟಿಆರ್-3, ಹಾಕಬೇಕು, ಈ ನಷ್ಟವನ್ನು ಸಂಬಳದಲ್ಲಿ ಕಳೆಯೋಕೆ ಬರುವುದಿಲ್ಲ, ಆದರೆ ಟೈಮಿಗೆ ಫೈಲ್ ಮಾಡಿದರೆ ಎಂಟು ವರ್ಷ ಮುಂದಕ್ಕೆ ಒಯ್ಯಬಹುದು ಅಂತ ವಿವರಿಸಿದೆ.

"ಮುಂದಕ್ಕೆ ಒಯ್ದು ಏನ್ ಮಾಡ್ಬೇಕು ಸಾರ್?"

"ಇದರಲ್ಲಿ ಲಾಭ ಬಂದರೆ, ಅಥವಾ ಬೇರೆ ಯಾವುದಾದರೂ ಬಿಸಿನೆಸ್‌ನಲ್ಲಿ ಬಂದರೆ, ಅದರಲ್ಲಿ ಕಳೆಯಬಹುದು."

"ಅಂದ್ರೆ ಮತ್ತೆ ಆಡ್ಬೇಕು."

ಹುಡುಗ ಫೋನ್ ನೋಡುತ್ತಿದ್ದ. ಅಪ್ಪ ಸ್ವಲ್ಪ ಹೊತ್ತು ಬಿಟ್ಟು, "ಇವನು ಕಳ್ಕೊಂಡ ದುಡ್ಡು ಯಾರಿಗೆ ಹೋಯ್ತು ಸಾರ್?" ಅಂದರು. ಒಂದಿಷ್ಟು ಬ್ರೋಕರ್‌ಗೆ, ಎಕ್ಸ್‌ಚೇಂಜ್‌ಗೆ, ಒಂದಿಷ್ಟು ಸರ್ಕಾರಕ್ಕೆ, ಮಿಕ್ಕಿದ್ದು ಎದುರುಗಡೆ ಇದ್ದವರಿಗೆ ಅಂದೆ. "ಎದುರುಗಡೆ ಯಾರಿದ್ರು?" ಅದಕ್ಕೂ ಸೆಬಿಯಲ್ಲಿ ಉತ್ತರ ಇದೆ. 2023-24ರಲ್ಲಿ, ಖರ್ಚು ಕಳೆಯುವ ಮುಂಚೆ, ಸ್ವಂತ ದುಡ್ಡಲ್ಲಿ ಟ್ರೇಡ್ ಮಾಡುವ ದೊಡ್ಡ ಸಂಸ್ಥೆಗಳಿಗೆ ಸುಮಾರು 33,000 ಕೋಟಿ, ವಿದೇಶಿ ಹೂಡಿಕೆದಾರರಿಗೆ ಸುಮಾರು 28,000 ಕೋಟಿ ಲಾಭ. ಅದರಲ್ಲಿ ಹೆಚ್ಚುಕಮ್ಮಿ ಎಲ್ಲವೂ ಕಂಪ್ಯೂಟರ್ ಪ್ರೋಗ್ರಾಮ್ ಮಾಡಿದ ಟ್ರೇಡುಗಳದ್ದು. "ಜಾಸ್ತಿ ಕಂಪ್ಯೂಟರ್‌ಗಳೇ" ಅಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಅವರು ನನ್ನನ್ನೇ ನೋಡುತ್ತಿದ್ದರು. "ನಾನೂ ಹತ್ತು ವರ್ಷ ಎದುರುಗಡೆ ಇದ್ದೆ. ಇವರು ಕೊಳ್ಳುವುದನ್ನು ನಾನು ಮಾರ್ತಿದ್ದೆ" ಅಂದೆ. ಅಷ್ಟು ವರ್ಷದಲ್ಲಿ ನನ್ನ ಟ್ರೇಡಿನ ಆಚೆ ಬದಿಯವರನ್ನು ನಾನು ಮುಖಾಮುಖಿ ನೋಡಿದ್ದು ಅದೇ ಮೊದಲು. ಈ ಹುಡುಗನೇ ಅಂತಲ್ಲ, ಇಂಥವನು.

ಬಯ್ಯುತ್ತಾರೆ ಅಂದುಕೊಂಡೆ. ಅವರು ಕನ್ನಡಕ ಹಾಕಿಕೊಂಡು, "ಹಂಗಾದ್ರೆ ನಿಮಗೆ ಎಲ್ಲ ಗೊತ್ತಿರುತ್ತೆ. ನೀವೇ ಬರ್ಕೊಡಿ ಸಾರ್, ಆ ಹುಡುಗ್ರ ಕೈಗೆ ಕೊಡ್ಬೇಡಿ" ಅಂದರು.

ಬರೆದುಕೊಟ್ಟೆ. ಅವರು ಈಗಲೂ ಆಗಾಗ ಫೋನ್ ಮಾಡುತ್ತಾರೆ. ತಮ್ಮ ಪಿಎಫ್ ಬಗ್ಗೆ, ಮೊಮ್ಮಗಳ ಸುಕನ್ಯಾ ಖಾತೆ ಬಗ್ಗೆ. ನನ್ನ ಬಳಿ ಡೈರಿ ಇಲ್ಲ, ಫೋನಿನಲ್ಲೇ ಹೆಸರು ಹಾಕಿಟ್ಟುಕೊಂಡಿದ್ದೇನೆ.

ಲೋನ್ ಬೇಕಾ ಸಾರ್?

ತಿಂಗಳ ಕೊನೆಗೆ ಸಂಬಳ ಬರುವುದು ಇನ್ನೂ ಪೂರ್ತಿ ಅಭ್ಯಾಸ ಆಗಿಲ್ಲ. ಆ ತಿಂಗಳು ನಾನು ಸರಿ ಇದ್ದೆನೋ ತಪ್ಪಿದ್ದೆನೋ, ದುಡ್ಡು ಅಷ್ಟೇ. ಮೊದಲ ಸಲ ಬಂದಾಗ, ಇದರಲ್ಲಿ ಏನೋ ಲೆಕ್ಕ ತಪ್ಪಿದೆ ಅನ್ನಿಸಿತ್ತು. ಬ್ಯಾಂಕಿನವರಿಗೆ ಮಾತ್ರ ಎಲ್ಲ ಸರಿಯಾಗಿ ಕಾಣುತ್ತಿದೆ. ಇದಕ್ಕಿಂತ ಎಷ್ಟೋ ಜಾಸ್ತಿ ದುಡಿಯುತ್ತಿದ್ದಾಗ, ಸತತ ಮೂರು ವರ್ಷದ ರಿಟರ್ನ್ ಹಿಡಿದುಕೊಂಡು ಹೋಂ ಲೋನ್ ಕೇಳೋಕೆ ಹೋದರೆ ಒಬ್ಬ ಮ್ಯಾನೇಜರ್ ಅದನ್ನು ಮಗುಚಿ ನೋಡಿ, "ಮೇಡಂದು ಸ್ಯಾಲರಿ ಸ್ಲಿಪ್ ಇದೆಯಾ?" ಅಂದಿದ್ದರು. ಈಗ ವಾರಕ್ಕೊಮ್ಮೆ ಅವರೇ ಫೋನ್ ಮಾಡುತ್ತಾರೆ. ಪ್ರೀ ಅಪ್ರೂವ್ಡ್ ಅಂತೆ.

ಟ್ರೇಡಿಂಗ್ ಖಾತೆಯಲ್ಲಿದ್ದ ಬಂಡವಾಳ ಹಾಗೇ ಇದೆ. ನನಗೆ ಅದು ಇನ್ನೂ ಕಸುಬಿನ ಸಾಮಾನು, ಮುಟ್ಟೋಕೆ ಕೈ ಬರುವುದಿಲ್ಲ. ಹೆಂಡತಿಗೆ ಅದು ಕೆಂಗೇರಿ ಆಚೆಯ ಒಂದು ಥರ್ಟಿ ಫಾರ್ಟಿ ಸೈಟಿನ ಡೌನ್ ಪೇಮೆಂಟ್. ಆಡಿಟ್ ಫೈಲುಗಳು ಮುಗಿಯಲಿ, ಆಮೇಲೆ ನೋಡೋಕೆ ಹೋಗೋಣ ಅಂದಿದ್ದೇನೆ. ಅವಳು ಈ ಭಾನುವಾರವೇ ಬರ್ತೀವಿ ಅಂತ ಸೈಟಿನವನಿಗೆ ಹೇಳಿಯಾಗಿದೆ.